ಕೆಮ್ಮಿ ನಿಲ್ಲುವ ಪಿಕಪ್: ರೋಗ ಇಂಜಿನ್ನಿನಲ್ಲೋ, ಟ್ಯಾಂಕಿನಲ್ಲೋ?

ಬೆಳಗಿನ ಎಂಟು ಗಂಟೆ. ಶಿವಮೊಗ್ಗದ ಹೊಳೆ ಬಸ್‌ಸ್ಟಾಪ್. ಜಿಟಿಜಿಟಿ ಮಳೆ. ಭದ್ರಾವತಿ ಕಡೆ ಹೊರಟ ಬಸ್ಸುಗಳು ಒಂದರ ಹಿಂದೆ ಒಂದು ಸಾಲುಗಟ್ಟಿ ನಿಂತಿವೆ. ಕಂಡಕ್ಟರು ಕೆಳಗಿಳಿದು ಕತ್ತು ಉದ್ದ ಮಾಡಿ ನೋಡುತ್ತಾನೆ. ಕಿಟಕಿಯಿಂದ ಹೊರಬಂದ ತಲೆಗಳೆಲ್ಲ ಕೇಳುವುದು ಒಂದೇ ಪ್ರಶ್ನೆ: "ಎಂತ ಆಯ್ತು ಮಾರಾಯ್ರೆ?"

ಆದದ್ದು ಇಷ್ಟೆ. ಸಾಗರ ರಸ್ತೆಯ ಎಪಿಎಂಸಿ ಯಾರ್ಡಿನಲ್ಲಿ ತರಕಾರಿ ಹೇರಿಕೊಂಡು ಹೊರಟ ಒಂದು ಡೀಸೆಲ್ ಪಿಕಪ್ ತುಂಗಾ ಸೇತುವೆಯ ಬಾಯಿಗೆ ಬಂದು ಉಸಿರು ಬಿಟ್ಟಿದೆ. ಚಾಲಕ ಸೆಲ್ಫ್ ಹೊಡೆಯುತ್ತಾನೆ. ಗಾಡಿ ಗಡಗಡ ನಡುಗುತ್ತದೆ, ಎರಡು ಸಲ ಕೆಮ್ಮುತ್ತದೆ, ಒಂದಿಷ್ಟು ಬಿಳಿ ಹೊಗೆ ಬಿಡುತ್ತದೆ, ಮತ್ತೆ ತಣ್ಣಗಾಗುತ್ತದೆ. ಹಿಂದಿನಿಂದ ಹಾರನ್ನುಗಳ ಮಂಗಳಾರತಿ. ಕೊನೆಗೆ ನಾಲ್ಕು ಜನ ಪುಣ್ಯಾತ್ಮರು ಮಳೆಯಲ್ಲೇ ಇಳಿದು, ತಳ್ಳಿ ಪಕ್ಕಕ್ಕೆ ಹಚ್ಚಿದ ಮೇಲೆ ಬಸ್ಸುಗಳು ಹೊರಟವು.

ಬಸ್ಸಿನವರಿಗೆ ಹೋದದ್ದು ಹದಿನೈದು ನಿಮಿಷ. ಭದ್ರಾವತಿಯಲ್ಲಿ ಅಂಗಡಿ ಬಾಗಿಲು ತೆಗೆದು ಕಾದವರಿಗೆ ಹೋದದ್ದು ಬೆಳಗಿನ ವ್ಯಾಪಾರ. ಹನ್ನೊಂದು ಗಂಟೆಗೆ ಬಂದ ಕೊತ್ತಂಬರಿ ಸೊಪ್ಪನ್ನು ಕೊಳ್ಳುವವರು ಯಾರು? ಇನ್ನು ಚಾಲಕನಿಗೆ ಹೋದದ್ದು ಆ ದಿನದ ಬಾಡಿಗೆ, ಮಂಡಿಯಲ್ಲಿ ಇಟ್ಟುಕೊಂಡಿದ್ದ ಹೆಸರು. ಇದೆಲ್ಲದರ ಮೇಲೆ ಜೇಬಿನಲ್ಲಿ ಬೆಚ್ಚಗೆ ಕೂತಿತ್ತು ಗ್ಯಾರೇಜಿನವರು ಹಿಂದಿನ ಸಂಜೆ ಬರೆದುಕೊಟ್ಟ ಐದಂಕಿಯ ಒಂದು ಚೀಟಿ.

ಕಥೆ ಇರುವುದು ಆ ಚೀಟಿಯಲ್ಲೇ.

ಮೂರು ದಿನದ ಪಡಿಪಾಟಲು

ಗಾಡಿ ಚಾಲಕನದೇ. ಸಾಲ ಮಾಡಿ ತಂದದ್ದು. ತಿಂಗಳು ತಿಂಗಳು ಕಂತು ಕಟ್ಟಬೇಕು. ಮೂರು ದಿನದಿಂದ ಅದಕ್ಕೆ ಒಂದು ಚಾಳಿ ಹಿಡಿದಿತ್ತು. ಓಡುವಾಗ ಹೇಗೋ ಓಡುತ್ತದೆ. ಸಿಗ್ನಲ್ಲಿನಲ್ಲಿ, ಹಂಪಿನಲ್ಲಿ, ಅಶೋಕ ವೃತ್ತದ ಜನಜಂಗುಳಿಯಲ್ಲಿ ಕ್ಲಚ್ ಒತ್ತಿದರೆ ಸಾಕು, ಆಫ್! ಐಡ್ಲಿಂಗಿನಲ್ಲಿ ನಿಲ್ಲಿಸಿದರೆ ಚಳಿಜ್ವರ ಬಂದವರ ಹಾಗೆ ನಡುಗುತ್ತದೆ. "ಮಿಸ್ಸಿಂಗ್ ಹೊಡೀತಿದೆ" ಎನ್ನುವುದು ಗ್ಯಾರೇಜು ಭಾಷೆ.

ಮೊದಲ ಗ್ಯಾರೇಜಿನವರು ಡೀಸೆಲ್ ಫಿಲ್ಟರ್ ಬದಲಾಯಿಸಿದರು. ಅರ್ಧ ದಿನ ಗಾಡಿ ಗಿಣಿಯ ಹಾಗೆ ಇತ್ತು. ಸಂಜೆ ಮತ್ತೆ ಅದೇ ರಾಗ. ಎರಡನೇ ಗ್ಯಾರೇಜಿನವರು ಸ್ಕ್ಯಾನರ್ ಹಾಕಿ ನೋಡಿ, ತಲೆ ಆಡಿಸಿ, "ನಾಲ್ಕೂ ಇಂಜೆಕ್ಟರ್ ಹೋಗಿದಾವೆ. ಪಂಪೂ ಬಿಚ್ಚಬೇಕಾಗುತ್ತೆ" ಎಂದು ಚೀಟಿ ಬರೆದರು. ಆ ರಾತ್ರಿ ಮನೆಯಲ್ಲಿ ಬಳೆ ಅಡವಿಡುವ ಮಾತೂ ಬಂದು ಹೋಯಿತಂತೆ.

ಸೇತುವೆಯ ಬಳಿ ಮಾನ ಹೋದ ದಿನ ಮಧ್ಯಾಹ್ನ, ಗಾಡಿಗೆ ಹಗ್ಗ ಕಟ್ಟಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿಗೆ ಎಳೆದು ತಂದದ್ದಾಯಿತು. ಅಲ್ಲೊಬ್ಬ ಹಳೇ ಮೆಕ್ಯಾನಿಕ್. ಚೀಟಿ ಓದಿದ, ಮಡಚಿ ವಾಪಸು ಕೊಟ್ಟ.

"ಇದನ್ನ ಜೇಬಲ್ಲಿ ಇಟ್ಕೊಳ್ಳಿ. ಮೊದ್ಲು ಟ್ಯಾಂಕಿನ ಮುಚ್ಚಳ ತೋರ್ಸಿ."

ತೋರಿಸಲು ಮುಚ್ಚಳ ಎಲ್ಲಿತ್ತು? ಎರಡು ತಿಂಗಳ ಹಿಂದೆಯೇ ಯಾವುದೋ ಬಂಕಿನಲ್ಲಿ ಕಳೆದುಹೋಗಿತ್ತು. ಟ್ಯಾಂಕಿನ ಬಾಯಿಗೆ ಒಂದು ಬಟ್ಟೆ ತುರುಕಿ, ಮೇಲೆ ಪ್ಲಾಸ್ಟಿಕ್ ಕವರ್ ಹೊದಿಸಿ, ಹಳೇ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿದಿತ್ತು. ಅದೂ ಎಂಥ ದಿನಗಳಲ್ಲಿ? ಮಲೆನಾಡಿನ ಮಳೆಗಾಲದಲ್ಲಿ!

ಬೆಂಕಿಕಡ್ಡಿ ಇಲ್ಲದ ಬೆಂಕಿ

ಡೀಸೆಲ್ ಇಂಜಿನ್ನಿನ ಸ್ವಭಾವ ಗೊತ್ತಿದ್ದರೆ ಅದರ ಕಾಯಿಲೆಯೂ ಅರ್ಧ ಗೊತ್ತಾದ ಹಾಗೆ. ಪೆಟ್ರೋಲ್ ಇಂಜಿನ್ನಿನಲ್ಲಿ ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್ ಇರುತ್ತದೆ. ಡೀಸೆಲ್ಲಿಗೆ ಅದಿಲ್ಲ. ಜರ್ಮನಿಯ ಔಗ್ಸ್‌ಬರ್ಗ್ ನಗರದಲ್ಲಿ 1897ರಲ್ಲಿ ರುಡಾಲ್ಫ್ ಡೀಸೆಲ್ ಓಡಿಸಿ ತೋರಿಸಿದ ಇಂಜಿನ್ನಿನ ಗುಟ್ಟು ಇವತ್ತಿಗೂ ಬದಲಾಗಿಲ್ಲ. ಸಿಲಿಂಡರಿನೊಳಗಿನ ಗಾಳಿಯನ್ನು ಹದಿನಾರು, ಹದಿನೆಂಟು ಪಾಲಿನಲ್ಲಿ ಒಂದು ಪಾಲಿಗೆ ಅದುಮುತ್ತದೆ. ಸೈಕಲ್ ಪಂಪು ಹೊಡೆದಾಗ ಅದರ ತುದಿ ಬಿಸಿಯಾಗುತ್ತದಲ್ಲ, ಹಾಗೆ. ಇಲ್ಲಿ ಗಾಳಿ ಐನೂರು ಡಿಗ್ರಿ ದಾಟಿ ಕಾಯುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಒಂದು ಹನಿಯ ಅಲ್ಪ ಪಾಲು ಡೀಸೆಲ್ ಮಂಜಿನಂತೆ ಚಿಮ್ಮಬೇಕು. ಚಿಮ್ಮಿದರೆ ತಾನೇ ಹೊತ್ತಿಕೊಳ್ಳುತ್ತದೆ.

ಅಂದರೆ ಬೇಕಾದದ್ದು ಮೂರೇ: ಸಾಕಷ್ಟು ಗಾಳಿ, ಆ ಗಾಳಿಯನ್ನು ಗಟ್ಟಿಯಾಗಿ ಅದುಮುವ ಶಕ್ತಿ, ಹೊತ್ತು ತಪ್ಪದೆ ಬರುವ ಶುದ್ಧ ಡೀಸೆಲ್.

ಇಂಜಿನ್ ಐಡ್ಲಿಂಗಿನಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. ನಾಲ್ಕು ಸಿಲಿಂಡರಿನ ಗಾಡಿಯಾದರೆ ಪ್ರತಿ ಸಿಲಿಂಡರಿನಲ್ಲೂ ನಿಮಿಷಕ್ಕೆ 400 ಸಲ ಬೆಂಕಿ ಹೊತ್ತಬೇಕು. ಒಂದು ಸಿಲಿಂಡರ್ ಮುನಿಸಿಕೊಂಡಿತೋ, 400 ಪೆಟ್ಟು ತಪ್ಪಿತು. ನಡುಕ ಬರುವುದು ಅಲ್ಲಿಂದ. ಓಡುವಾಗ ಗಾಡಿಯ ವೇಗವೇ ಇಂಜಿನ್ನನ್ನು ತಳ್ಳಿಕೊಂಡು ಹೋಗುತ್ತದೆ, ತಪ್ಪು ಕಾಣುವುದಿಲ್ಲ. ನಿಂತಾಗ ಇಂಜಿನ್ನಿಗೆ ತನ್ನ ಉಸಿರೇ ಆಧಾರ. ಆಗ ಸಿಗುವ ಡೀಸೆಲ್ಲೋ ಅತ್ಯಲ್ಪ. ಅದರಲ್ಲಿ ಒಂದಿಷ್ಟು ನೀರೋ ಗಾಳಿಯೋ ಸೇರಿದರೆ ಮುಗಿಯಿತು, ಆಫ್.

ಕೆಮ್ಮಿ ನಿಂತಿತೋ, ತಟ್ಟನೆ ನಿಂತಿತೋ?

ಆಟೋ ಕಾಂಪ್ಲೆಕ್ಸಿನ ಹಳಬರು ಸ್ಪ್ಯಾನರ್ ಹಿಡಿಯುವ ಮೊದಲು ಕೇಳುವ ಪ್ರಶ್ನೆ ಇದು: "ಗಾಡಿ ಹೆಂಗೆ ನಿಂತ್ತು?"

ಕೀಲಿ ತಿರುಗಿಸಿ ಆಫ್ ಮಾಡಿದ ಹಾಗೆ ತಟ್ಟನೆ ನಿಂತಿದ್ದರೆ ಸಂಶಯ ವೈರಿನ ಮೇಲೆ. ಬ್ಯಾಟರಿ ಟರ್ಮಿನಲ್ ಸಡಿಲ, ರಿಲೇ, ಫ್ಯೂಸು, ಹಳೇ ಗಾಡಿಯಾದರೆ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡಿನ ವೈರು, ಹೊಸ ಗಾಡಿಯಾದರೆ ಕ್ರ್ಯಾಂಕ್ ಸೆನ್ಸರ್. ಬಿಸಿಯಾದಾಗ ನಿಂತು, ಅರ್ಧ ಗಂಟೆ ತಣಿದ ಮೇಲೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುವ ಗಾಡಿಗಳಲ್ಲಿ ಬಹಳ ಸಲ ಈ ಸೆನ್ಸರಿನದೇ ಕಿತಾಪತಿ.

ಕೆಮ್ಮಿ, ತಡವರಿಸಿ, ನಡುಗಿ ನಿಂತಿದ್ದರೆ ಸಂಶಯ ಡೀಸೆಲ್ ಬರುವ ದಾರಿಯ ಮೇಲೆ. ಲೋಡು ಹೇರಿಕೊಂಡು ಏರು ಹತ್ತುವಾಗ ಮಾತ್ರ ಸೋತು ನಿಂತರೆ ಫಿಲ್ಟರ್ ಕಟ್ಟಿರಬಹುದು, ಇಲ್ಲವೇ ಟ್ಯಾಂಕಿನೊಳಗಿನ ಜರಡಿಗೆ ಕಸ ಕೂತಿರಬಹುದು. ಬೆಳಿಗ್ಗೆ ಹತ್ತು ಸಲ ಸೆಲ್ಫ್ ಹೊಡೆದರೂ ಏಳದೆ, ಎದ್ದ ಮೇಲೆ ಸ್ವಲ್ಪ ಹೊತ್ತು ನಡುಗಿ ಸರಿಹೋದರೆ, ರಾತ್ರಿಯೆಲ್ಲ ಪೈಪಿನ ಡೀಸೆಲ್ ಹಿಂದಕ್ಕೆ ಇಳಿದು ಗಾಳಿ ಸೇರಿದೆ ಎಂದೋ, ಗ್ಲೋ ಪ್ಲಗ್ ಇರುವ ಇಂಜಿನ್ನಾದರೆ ಅದು ಸತ್ತಿದೆ ಎಂದೋ ಲೆಕ್ಕ.

ಒಂದು ಪೈಸೆ ಖರ್ಚಿಲ್ಲದ ಪರೀಕ್ಷೆಯೂ ಒಂದಿದೆ. ಗಾಡಿ ನಿಂತ ಕೂಡಲೇ ಟ್ಯಾಂಕಿನ ಮುಚ್ಚಳ ತಿರುಗಿಸಿ ನೋಡಿ. ಬುಸ್ಸೆಂದು ಗಾಳಿ ಒಳಗೆ ನುಗ್ಗಿ, ಆಮೇಲೆ ಗಾಡಿ ಸಲೀಸಾಗಿ ಎದ್ದರೆ ಟ್ಯಾಂಕಿಗೆ ಗಾಳಿ ಬಿಡುವ ಕಿಂಡಿ ಕಟ್ಟಿದೆ ಎಂದರ್ಥ. ಡೀಸೆಲ್ ಖರ್ಚಾದಷ್ಟು ಗಾಳಿ ಟ್ಯಾಂಕಿನೊಳಗೆ ಬರಬೇಕು. ಬರದಿದ್ದರೆ ಡೀಸೆಲ್ ಮುಂದಕ್ಕೆ ಹೋಗುವುದಿಲ್ಲ. ಬಾಟಲಿಗೆ ಬಾಯಿ ಹಚ್ಚಿ ಹೀರಿದ ಹಾಗೆ.

ಮೂಗು ಒರೆಸಿದರು, ನೆಗಡಿ ನೋಡಲಿಲ್ಲ

ನಮ್ಮ ಚಾಲಕನ ಗಾಡಿ ಕೆಮ್ಮಿ ನಿಂತದ್ದು. ಹಳೇ ಮೆಕ್ಯಾನಿಕ್ ಫಿಲ್ಟರಿನ ಅಡಿಯ ತಿರುಪು ಸಡಿಲಿಸಿ, ಕೆಳಗೆ ಒಂದು ಗಾಜಿನ ಬಾಟಲಿ ಹಿಡಿದ. ಬಂದದ್ದನ್ನು ಕಾಲು ಗಂಟೆ ಬೆಂಚಿನ ಮೇಲೆ ಅಲುಗಿಸದೆ ಇಟ್ಟ. ಅಷ್ಟರಲ್ಲಿ ಚಹಾ ಬಂತು. ಚಹಾ ಮುಗಿಯುವ ಹೊತ್ತಿಗೆ ಬಾಟಲಿಯಲ್ಲಿ ಎರಡು ಪದರ. ಮೇಲೆ ಡೀಸೆಲ್. ಅಡಿಯಲ್ಲಿ ಎರಡು ಬೆರಳು ನೀರು. ನಡುವೆ ಪಾಚಿಯಂಥ ಕಂದು ಲೋಳೆ.

ನೀರು ಡೀಸೆಲ್ಲಿಗಿಂತ ಭಾರ. ತಳ ಸೇರುತ್ತದೆ. ಅದನ್ನು ಹಿಡಿದಿಡಲೆಂದೇ ಫಿಲ್ಟರಿನ ಕೆಳಗೆ ಒಂದು ಬಟ್ಟಲಿನಂಥ ಜಾಗ ಇರುತ್ತದೆ. ಅದು ತುಂಬಿ ಮೇಲೇರಿದರೆ ನೀರು ಇಂಜಿನ್ನಿಗೇ ಹೋಗುತ್ತದೆ. ನೀರು, ಡೀಸೆಲ್ ಒಂದಕ್ಕೊಂದು ತಾಗುವ ಗಡಿಯಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ಲೋಳೆ ಅದೇ. ಅದು ಜರಡಿಯನ್ನೂ ಕಟ್ಟುತ್ತದೆ, ಫಿಲ್ಟರನ್ನೂ ಕಟ್ಟುತ್ತದೆ.

ಹೊಸ ಫಿಲ್ಟರ್ ಹಾಕಿದ ದಿನ ಗಾಡಿ ಚೆನ್ನಾಗಿ ಓಡಿದ್ದು ಯಾಕೆ, ಸಂಜೆಗೆ ಮತ್ತೆ ಕೆಟ್ಟದ್ದು ಯಾಕೆ ಎನ್ನುವುದಕ್ಕೆ ಇಲ್ಲಿ ಉತ್ತರ ಸಿಕ್ಕಿತು. ಹೊಸ ಫಿಲ್ಟರಿನ ಬಟ್ಟಲು ಖಾಲಿ ಇತ್ತು, ಹಿಡಿಯುವಷ್ಟು ನೀರು ಹಿಡಿಯಿತು. ತುಂಬಿದ ಮೇಲೆ ಕೈಚೆಲ್ಲಿತು. ಟ್ಯಾಂಕಿನೊಳಗಿನ ನೀರನ್ನು ಯಾರೂ ಕೇಳಿರಲಿಲ್ಲ.

"ಎಲ್ರೂ ಮೂಗು ಒರೆಸಿದ್ರು, ನೆಗಡಿ ಯಾರೂ ನೋಡ್ಲಿಲ್ಲ" ಎಂದ ಮೆಕ್ಯಾನಿಕ್.

ನೀರು ಸೇರಿದರೆ ಎಚ್ಚರಿಸಲು ಡ್ಯಾಶ್‌ಬೋರ್ಡಿನಲ್ಲಿ ದೀಪ ಇರುವುದಿಲ್ಲವೇ? ಇರುತ್ತದೆ. ಈ ಗಾಡಿಯಲ್ಲಿ ಹಿಂದೊಮ್ಮೆ ಫಿಲ್ಟರ್ ಬದಲಾಯಿಸಿದವರು ಸೆನ್ಸರಿನ ವೈರನ್ನು ಮತ್ತೆ ಸಿಕ್ಕಿಸಿರಲಿಲ್ಲ. ಕಾವಲುಗಾರನ ಬಾಯಿ ಕಟ್ಟಿ, ಕಳ್ಳ ಬಂದ ಅಂತ ಅತ್ತರೆ ಏನು ಬಂತು!

ಟ್ಯಾಂಕು ಇಳಿಸಿದರು. ಬಾಯಿಗೆ ತುರುಕಿದ್ದ ಬಟ್ಟೆಯ ಎಳೆಗಳು ಒಳಗಿನ ಜರಡಿಗೆ ಸುತ್ತಿಕೊಂಡಿದ್ದವು. ತೊಳೆದು, ಒಣಗಿಸಿ, ಹೊಸ ಫಿಲ್ಟರ್, ಹೊಸ ಡೀಸೆಲ್, ಹೊಸ ಮುಚ್ಚಳ ಹಾಕಿದರು. ಕೊಳಕು ಡೀಸೆಲ್ಲನ್ನು ಡಬ್ಬಿಯಲ್ಲಿ ತೆಗೆದಿಟ್ಟರು, ಚರಂಡಿಗೆ ಬಿಡಲಿಲ್ಲ. ಚರಂಡಿಗೆ ಬಿಟ್ಟದ್ದು ತುಂಗೆಗೆ ಹೋಗುತ್ತದೆ, ತುಂಗೆಯದು ಕುಡಿಯುವ ನೀರು.

ಹನಿ ಸೋರದ ಸೋರಿಕೆ

ಮುಕ್ಕಾಲು ಪಾಲು ಗೆದ್ದಾಯಿತು. ಆದರೂ ಮಾರನೇ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ನಡುಕ ಇದ್ದೇ ಇತ್ತು. ಚಾಲಕನ ಮುಖ ಮತ್ತೆ ಚೀಟಿಯ ಕಡೆ ತಿರುಗಿತು. ಮೆಕ್ಯಾನಿಕ್ ಮಾತ್ರ ಬಿಡಲಿಲ್ಲ. ಫಿಲ್ಟರಿನಿಂದ ಪಂಪಿಗೆ ಹೋಗುವ ಕರೀ ಪೈಪನ್ನು ತೆಗೆದು, ಅದರ ಜಾಗದಲ್ಲಿ ಆಚೆ ಈಚೆ ಕಾಣುವ ಒಂದು ತುಂಡು ಪ್ಲಾಸ್ಟಿಕ್ ಪೈಪು ಸಿಕ್ಕಿಸಿದ. ಸ್ಟಾರ್ಟ್ ಮಾಡಿದ. ಪೈಪಿನೊಳಗೆ ಡೀಸೆಲ್ ಜೊತೆ ಸಾಸಿವೆ ಗಾತ್ರದ ಗುಳ್ಳೆಗಳು ಸಾಲಾಗಿ ಓಡುತ್ತಿದ್ದವು.

"ಏರ್ ಹಿಡಿದಿದೆ!"

ಇಂಜಿನ್ನೇ ಟ್ಯಾಂಕಿನಿಂದ ಡೀಸೆಲ್ ಎಳೆದುಕೊಳ್ಳುವ ಗಾಡಿಗಳಲ್ಲಿ ಇದೊಂದು ಮಾಯೆ. ಪೈಪಿನಲ್ಲಿ ಬಿರುಕಿದ್ದರೂ ಹೊರಗೆ ಒಂದು ಹನಿ ಸೋರುವುದಿಲ್ಲ. ಡೀಸೆಲ್ ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ. ಕೆಳಗೆ ನೆಲ ಒಣಗಿರುವುದನ್ನು ನೋಡಿ "ಲೀಕ್ ಇಲ್ಲ" ಎಂದು ಷರಾ ಬರೆಯುವವರು ಎಡವುವುದು ಇಲ್ಲೇ. ಗಾಳಿಯನ್ನು ಅದುಮಬಹುದು, ಡೀಸೆಲ್ಲನ್ನು ಹಾಗೆ ಅದುಮಲಾಗದು. ಪಂಪಿಗೆ ಗಾಳಿ ಹೊಕ್ಕರೆ ಒತ್ತಡವೇ ಏಳದು. ಪಂಪು ಬಡಿದುಕೊಳ್ಳುತ್ತದೆ, ಡೀಸೆಲ್ ಚಿಮ್ಮುವುದಿಲ್ಲ.

ಹುಡುಕುವ ಕ್ರಮವೂ ಸುಲಭ. ಹಳೇ ರಬ್ಬರ್ ಪೈಪಿನ ತುದಿಗಳು, ಸಡಿಲವಾದ ಕ್ಲಿಪ್ಪು, ಫಿಲ್ಟರಿನ ರಬ್ಬರ್ ರಿಂಗು, ನಟ್ಟಿನ ಕೆಳಗಿನ ತಾಮ್ರದ ವಾಷರು, ಕೈಪಂಪು. ಈ ಗಾಡಿಯಲ್ಲಿ ಸಿಕ್ಕಿದ್ದು ಗೇಣುದ್ದದ ರಬ್ಬರ್ ಪೈಪಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು. ಪೈಪು ಬದಲಾಯಿಸಿ, ಫಿಲ್ಟರಿನ ಮೇಲಿನ ಕೈಪಂಪನ್ನು ಗಟ್ಟಿಯಾಗುವ ತನಕ ಒತ್ತಿ, ಏರ್ ತೆಗೆದರು. ಕೈಪಂಪು ಇಲ್ಲದ, ಟ್ಯಾಂಕಿನೊಳಗೇ ಕರೆಂಟಿನ ಪಂಪು ಇರುವ ಗಾಡಿಗಳಲ್ಲಿ ಸೆಲ್ಫ್ ಹೊಡೆಯದೆ ಕೀಲಿಯನ್ನು ಮೂರು ನಾಲ್ಕು ಸಲ ಆನ್ ಮಾಡಿ, ತುಸು ಕಾದು, ಆಫ್ ಮಾಡಿದರೆ ಅದೇ ಕೆಲಸ ಆಗುತ್ತದೆ.

ಗಾಡಿ ಎದ್ದಿತು. ಬಾನೆಟ್ಟಿನ ಮೇಲೆ ಇಟ್ಟ ಚಹಾ ಲೋಟ ಅಲುಗಲಿಲ್ಲ.

ಹೊಗೆ ಹೇಳುವ ಸುದ್ದಿ

ಎಲ್ಲ ಗಾಡಿಗೂ ಇದೇ ಮದ್ದಲ್ಲ. ಡೀಸೆಲ್ಲಿನ ದಾರಿ ಚೊಕ್ಕಟವಾಗಿದ್ದೂ ನಡುಕ ನಿಲ್ಲದಿದ್ದರೆ ಹೊಗೆ ಕೊಳವೆಯ ಕಡೆ ನೋಡಬೇಕು.

ಕರೀ ಹೊಗೆ ಬಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರಿನ ಧೂಳು, ಟರ್ಬೋ ಪೈಪಿನ ಸೀಳು, ಸೋರುವ ಇಂಜೆಕ್ಟರು, ಇಲ್ಲವೇ ಮಸಿ ಕಟ್ಟಿ ತೆರೆದುಕೊಂಡೇ ಉಳಿದ ಇ.ಜಿ.ಆರ್. ವಾಲ್ವು. ಈ ವಾಲ್ವು ಸುಟ್ಟ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಇಂಜಿನ್ನಿಗೆ ಕಳಿಸುವ ಬಾಗಿಲು. ಐಡ್ಲಿಂಗಿನಲ್ಲಿ ಅದು ಅಳತೆ ಮೀರಿ ತೆರೆದಿದ್ದರೆ ಇಂಜಿನ್ನಿಗೆ ಉಸಿರು ಕಟ್ಟುತ್ತದೆ. ಬಿಚ್ಚಿ ಮಸಿ ತೆಗೆದರೆ ಬಹಳ ಸಲ ಅಷ್ಟೇ ಸಾಕು. ಅದಕ್ಕೆ ತಗಡು ಹೊಡೆದು ಶಾಶ್ವತವಾಗಿ ಮುಚ್ಚುವ ಬುದ್ಧಿವಂತಿಕೆ ಮಾತ್ರ ಬೇಡ. ಅದು ಹೊಗೆ ನಿಯಮಕ್ಕೂ ವಿರುದ್ಧ, ಹೊಸ ಗಾಡಿಯ ಕಂಪ್ಯೂಟರೂ ಒಪ್ಪುವುದಿಲ್ಲ.

ಬಿಳಿ ಹೊಗೆ ಕಣ್ಣು ಉರಿಸಿದರೆ ಡೀಸೆಲ್ ಸುಡದೆ ಹೊರಬರುತ್ತಿದೆ. ಬಿಳಿ ಹೊಗೆಯ ಜೊತೆಗೆ ರೇಡಿಯೇಟರ್ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ನೀಲಿ ಹೊಗೆ ಅಂದರೆ ಇಂಜಿನ್ ಆಯಿಲ್ ಸುಡುತ್ತಿದೆ.

ಹೊಗೆಯೂ ಇಲ್ಲ, ಗಾಡಿ ಆಫ್ ಆಗುವುದೂ ಇಲ್ಲ, ಬರೀ ನಡುಕ ಎಂದಾದರೆ ಇಂಜಿನ್ ಕೂತಿರುವ ರಬ್ಬರ್ ಮೌಂಟಿಂಗುಗಳನ್ನು ಮೊದಲು ನೋಡಿ. ಮೌಂಟಿಂಗ್ ಒಡೆದ ಗಾಡಿಗೆ ಇಂಜೆಕ್ಟರ್ ಬಿಚ್ಚುವುದು, ಕಾಲು ಮುರಿದ ಮಂಚಕ್ಕೆ ಹಾಸಿಗೆ ಬದಲಾಯಿಸಿದ ಹಾಗೆ.

ಮೈಕೋ ಕಾಲ, ಸ್ಕ್ಯಾನರ್ ಕಾಲ

ಹಾಗಾದರೆ ಸ್ಕ್ಯಾನರ್ ಹಾಕಿದವರು ಸುಳ್ಳು ಹೇಳಿದರೇ? ಹಾಗೆನ್ನುವಂತಿಲ್ಲ.

ಒಂದು ಕಾಲಕ್ಕೆ ಡೀಸೆಲ್ ಪಂಪು ಅಂದರೆ ಮೈಕೋ ಪಂಪು. 1951ರಲ್ಲಿ ಶುರುವಾಗಿ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ದೇಶಕ್ಕೆಲ್ಲ ಹೆಸರಾದ ಮೈಕೋ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜಿನವರ ಬಾಯಲ್ಲಿ ಹಳೇ ಹೆಸರು ಉಳಿದೇ ಇದೆ. ಆ ಪಂಪಿನ ಗಾಡಿಗಳಲ್ಲಿ ನಾಜಲ್ಲು 200 ಬಾರ್ ಆಸುಪಾಸಿನ ಒತ್ತಡಕ್ಕೆ ತೆರೆಯುತ್ತಿತ್ತು. ಯಾವ ಸಿಲಿಂಡರ್ ಸೋತಿದೆ ಎಂದು ನೋಡಲು ಗಾಡಿ ಓಡುತ್ತಿರುವಾಗಲೇ ಒಂದೊಂದೇ ಪೈಪಿನ ನಟ್ಟು ಸಡಿಲಿಸುತ್ತಿದ್ದರು. ಯಾವುದನ್ನು ಸಡಿಲಿಸಿದರೂ ಇಂಜಿನ್ ಸದ್ದು ಬದಲಾಗದೋ ಅದೇ ಕಳ್ಳ. ಕಿವಿಯೇ ಸ್ಕ್ಯಾನರ್.

1997ರಲ್ಲಿ ಯೂರೋಪಿನ ಕಾರುಗಳಲ್ಲಿ ಕಾಲಿಟ್ಟ ಕಾಮನ್ ರೈಲ್ ಪದ್ಧತಿ ಈಗ ಪಿಕಪ್ಪಿಗೂ ಬಂದಿದೆ. ದೇಶಕ್ಕೆಲ್ಲ 2017ರ ಏಪ್ರಿಲ್ 1ರಿಂದ ಬಿ.ಎಸ್. 4, 2020ರ ಏಪ್ರಿಲ್ 1ರಿಂದ ಬಿ.ಎಸ್. 6 ನಿಯಮ ಬಂತು. ಡೀಸೆಲ್ಲಿನ ಗಂಧಕ ಹತ್ತು ಲಕ್ಷ ಪಾಲಿನಲ್ಲಿ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಗೆ ಕಡಿಮೆಯಾಯಿತು, ಸದ್ದು ಕಡಿಮೆಯಾಯಿತು. ಜೊತೆಗೆ ಇಂಜಿನ್ನಿನ ನಾಲಿಗೆಯೂ ನಾಜೂಕಾಯಿತು. ಈಗಿನ ಪಂಪಿನ ಭಾಗಗಳ ನಡುವಿನ ಸಂದು ಕೂದಲಿನ ದಪ್ಪದ ಹತ್ತನೇ ಒಂದು ಪಾಲಿಗೂ ಕಡಿಮೆ. ಆ ಭಾಗಗಳಿಗೆ ಜಾರೆಣ್ಣೆ ಬೇರೆ ಇಲ್ಲ, ಡೀಸೆಲ್ಲೇ ಎಣ್ಣೆ. ಡೀಸೆಲ್ ಬದಲು ನೀರು ಹೋದರೆ ತುಕ್ಕು, ಗೀರು. ಸೀಮೆಎಣ್ಣೆ ಬೆರಕೆಯಾದರೂ ಸವೆತ ತಪ್ಪಿದ್ದಲ್ಲ.

ನೀರು ಕುಡಿದ ಇಂಜೆಕ್ಟರುಗಳು ತಪ್ಪು ಲೆಕ್ಕ ತೋರಿಸಿದ್ದು ನಿಜ. ಸ್ಕ್ಯಾನರ್ ಅದನ್ನೇ ಹೇಳಿತು. ಹೊಟ್ಟೆನೋವು ಇದೆ ಎನ್ನುವುದಷ್ಟೇ ಅದರ ಕೆಲಸ. ಏನು ತಿಂದೆ ಎಂದು ಕೇಳಬೇಕಾದವನು ವೈದ್ಯ. ಇಂಜೆಕ್ಟರಿನ ಮೇಲೆ ಸಂಶಯವೇ ಇದ್ದರೆ, ವಾಪಸು ಬರುವ ಡೀಸೆಲ್ಲನ್ನು ನಾಲ್ಕು ಬಾಟಲಿಗಳಲ್ಲಿ ಬೇರೆ ಬೇರೆ ಹಿಡಿದು ಅಳೆಯುವ ಪರೀಕ್ಷೆ ಇದೆ. ಯಾವ ಬಾಟಲಿ ಉಳಿದವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಸವೆದಿದೆ. ಒಂದು ಸವೆದಿದ್ದರೆ ಒಂದರ ಮಾತಾಡಬೇಕು. ನಾಲ್ಕನ್ನೂ ಒಂದೇ ಚೀಟಿಯಲ್ಲಿ ಬರೆಯುವ ಮೊದಲು ಈ ಪರೀಕ್ಷೆ ಮಾಡಿ ತೋರಿಸಿ ಎಂದು ಕೇಳುವ ಹಕ್ಕು ದುಡ್ಡು ಕೊಡುವವನಿಗೆ ಇದೆ.

ಇನ್ನೊಂದು ಮಾತನ್ನೂ ಹಳೇ ಮೆಕ್ಯಾನಿಕ್ ಮುಚ್ಚಿಡಲಿಲ್ಲ: "ಇನ್ನೊಂದು ವಾರ ಹಿಂಗೇ ಓಡ್ಸಿದ್ರೆ ಆ ಚೀಟಿ ನಿಜ ಆಗ್ತಿತ್ತು."

ಬೆರಳು ಇಟ್ಟೀರಿ, ಜೋಕೆ!

ಹಳೇ ಗಾಡಿಯ ಚಾಳಿಯನ್ನು ಹೊಸ ಗಾಡಿಯಲ್ಲಿ ತೋರಿಸಬಾರದು. ಕಾಮನ್ ರೈಲ್ ಪೈಪಿನಲ್ಲಿ ಒತ್ತಡ 1,600 ಬಾರ್ ಮುಟ್ಟುತ್ತದೆ, ಕೆಲವದರಲ್ಲಿ ಇನ್ನೂ ಹೆಚ್ಚು. ಲಾರಿ ಟೈರಿನ ಗಾಳಿ 8 ಬಾರ್ ಆಸುಪಾಸು. ಅದರ 200 ಪಟ್ಟು! ಇಂಜಿನ್ ಓಡುತ್ತಿರುವಾಗ ಈ ಪೈಪಿನ ನಟ್ಟು ಸಡಿಲಿಸುವುದಾಗಲಿ, ಸೋರುತ್ತಿದೆಯೇ ಎಂದು ಬೆರಳು ಆಡಿಸುವುದಾಗಲಿ ಪ್ರಾಣದ ಜೊತೆ ಆಟ. ಕಣ್ಣಿಗೆ ಕಾಣದ ಎಳೆಯೊಂದು ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ, ನೋವೂ ಮೊದಲಿಗೆ ಅಷ್ಟಿಲ್ಲ. ಒಳಗೆ ಡೀಸೆಲ್ ಮಾಂಸವನ್ನು ಕೊಳೆಸುತ್ತಾ ಹೋಗುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿ ಕೂರದೆ, ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಓಡಬೇಕು. "ಹೈ ಪ್ರೆಶರ್ ಡೀಸೆಲ್ ಚುಚ್ಚಿದೆ" ಎಂದು ಡಾಕ್ಟರಿಗೆ ಬಿಡಿಸಿ ಹೇಳಬೇಕು. ತಡವಾದರೆ ಬೆರಳು, ಕೈ ಹೋಗುವುದುಂಟು. ಸೋರಿಕೆ ಹುಡುಕಲು ಒಂದು ರಟ್ಟಿನ ತುಂಡು ಸಾಕು.

ಘಾಟಿಯಲ್ಲಿ ನಿಂತರೆ?

ಹೊಳೆ ಬಸ್‌ಸ್ಟಾಪಿನಲ್ಲಿ ನಿಂತದ್ದು ಒಂದು ಲೆಕ್ಕಕ್ಕೆ ದೇವರ ದಯೆ. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿದು ಉಡುಪಿ ಕಡೆ ಹೋಗುವ ಪಿಕಪ್ಪುಗಳೂ ಉಂಟು. ಆ ಹೇರ್‌ಪಿನ್ ತಿರುವುಗಳಲ್ಲಿ, ಆ ಮಳೆಯಲ್ಲಿ, ಲೋಡು ಹೇರಿದ ಗಾಡಿ ಆಫ್ ಆದರೆ?

ಬ್ರೇಕಿನ ಪೆಡಲ್ ಹಗುರವಾಗಿರುವುದು ಬೂಸ್ಟರ್ ಸಹಾಯದಿಂದ. ಡೀಸೆಲ್ ಗಾಡಿಯ ಬೂಸ್ಟರಿಗೆ ಬೇಕಾದ ವ್ಯಾಕ್ಯೂಮನ್ನು ಇಂಜಿನ್ ತಿರುಗಿಸುವ ಒಂದು ಪುಟ್ಟ ಪಂಪು ಒದಗಿಸುತ್ತದೆ. ಇಂಜಿನ್ ನಿಂತಿತೋ, ಪಂಪೂ ನಿಂತಿತು. ಉಳಿಕೆ ಇದ್ದದ್ದು ಒಂದೆರಡು ಒತ್ತಿಗೆ ಸಾಕು. ಆಮೇಲೆ ಪೆಡಲ್ ಕಲ್ಲು. ಸ್ಟೀರಿಂಗೂ ಭಾರ. ಹಾಗಾದಾಗ ಪೆಡಲನ್ನು ಪದೇ ಪದೇ ಒತ್ತಿ ಬಿಡದೆ, ಒಮ್ಮೆ ಒತ್ತಿ ಗಟ್ಟಿಯಾಗಿ ಹಿಡಿದು, ಕೆಳ ಗೇರಿಗೆ ತಂದು, ಹ್ಯಾಂಡ್ ಬ್ರೇಕನ್ನೂ ಸೇರಿಸಿ, ಬೆಟ್ಟದ ಕಡೆಯ ಅಂಚಿಗೆ ನಿಲ್ಲಿಸಬೇಕು. ಡೀಸೆಲ್ ಉಳಿಸಲು ನ್ಯೂಟ್ರಲ್ಲಿನಲ್ಲಿ, ಕೆಲವರು ಕೀಲಿಯನ್ನೇ ತೆಗೆದು, ಘಾಟಿ ಇಳಿಸುತ್ತಾರೆ. ಅವರು ಉಳಿಸುವುದು ಚಿಲ್ಲರೆ, ಒತ್ತೆ ಇಡುವುದು ತಲೆ. ಹಿಂದೆ ಮುಂದೆ ಬರುವ ಬಸ್ಸಿನವರ ತಲೆಯೂ ಅದರಲ್ಲಿ ಸೇರಿದೆ.

ಐಡ್ಲಿಂಗಿನಲ್ಲಿ ಆಫ್ ಆಗುವ ಗಾಡಿಯನ್ನು "ನಾಳೆ ತೋರಿಸಿದರಾಯ್ತು" ಎಂದು ಘಾಟಿಗೆ ಒಯ್ಯಬಾರದು ಎನ್ನುವುದು ಇದಕ್ಕೇ.

ಐನೂರು ರೂಪಾಯಿ ಡೀಸೆಲ್

ಎಲ್ಲಕ್ಕೂ ಮೂಲ ಇನ್ನೊಂದಿದೆ, ಅದು ಗ್ಯಾರೇಜಿನಲ್ಲಿ ಸಿಗುವುದಿಲ್ಲ. ಬಾಡಿಗೆ ದುಡ್ಡು ಕೈಗೆ ಬರುವುದು ಸಂಜೆ, ಕೆಲವು ಅಂಗಡಿಯವರಿಂದ ವಾರಕ್ಕೊಮ್ಮೆ. ಹಾಗಾಗಿ ಡೀಸೆಲ್ ಹಾಕಿಸುವುದು ದಿನಕ್ಕೆ ಐನೂರು ರೂಪಾಯಿಯದು. ಟ್ಯಾಂಕು ಸದಾ ಮುಕ್ಕಾಲು ಖಾಲಿ. ಖಾಲಿ ಜಾಗದ ತೇವದ ಗಾಳಿ ರಾತ್ರಿ ತಣಿದು ಗೋಡೆಗೆ ಬೆವರಾಗಿ ಕೂರುತ್ತದೆ, ಬೆವರು ಇಳಿದು ತಳ ಸೇರುತ್ತದೆ. ಜೊತೆಗೆ ತಳದ ಕಸವೆಲ್ಲ ಜರಡಿಗೆ ಸಮೀಪ. ಒಂದು ದಿನ ಪೂರ್ತಿ ಬರಿದಾದರೆ ಏರ್ ಹಿಡಿಯುವುದು ಖಂಡಿತ. ಪೆಟ್ರೋಲ್ ಗಾಡಿ ಖಾಲಿಯಾದರೆ ಬಾಟಲಿಯಲ್ಲಿ ತಂದು ಸುರಿದು ಹೊರಡಬಹುದು. ಡೀಸೆಲ್ ಗಾಡಿ ಖಾಲಿಯಾದರೆ ಏರ್ ತೆಗೆಯುವ ಶಾಸ್ತ್ರ ಆಗಲೇಬೇಕು.

ಸಾಮಾನು ಹೊತ್ತಿಗೆ ಸರಿಯಾಗಿ ಬರಲಿ ಎನ್ನುವ ಅಂಗಡಿಕಾರರು ಬಾಡಿಗೆಯನ್ನು ಅಂದಂದೇ ಕೊಟ್ಟರೆ, ಚಾಲಕನ ಟ್ಯಾಂಕು ಅರ್ಧದ ಮೇಲಿರುತ್ತದೆ. ಇದು ಧರ್ಮದ ಮಾತಲ್ಲ, ವ್ಯಾಪಾರದ ಮಾತು.

ಚಾಲಕರು ಮಾಡಬೇಕಾದದ್ದೂ ಹೆಚ್ಚಿಲ್ಲ. ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಂಕು ಆದಷ್ಟು ತುಂಬಿರಲಿ. ಮುಚ್ಚಳ ಕಳೆದ ದಿನವೇ ಹೊಸದು ಬರಲಿ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರಿನ ನೀರು ಬಿಡಿ. ಫಿಲ್ಟರನ್ನು ಗಾಡಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರಿಗೆ ತಪ್ಪದೆ ಬದಲಾಯಿಸಿ, ರಬ್ಬರ್ ರಿಂಗು ಹೊಸದೇ ಹಾಕಿಸಿ. ಬಂಕಿಗೆ ಟ್ಯಾಂಕರ್ ಬಂದು ಡೀಸೆಲ್ ಇಳಿಸುವ ಹೊತ್ತಿನಲ್ಲಿ ತಳದ ಕೊಳೆ ಕದಡಿರುತ್ತದೆ, ಆಗ ಹಾಕಿಸದೆ ಮುಂದಕ್ಕೆ ಹೋಗಿ. ಕೆಟ್ಟಾಗ ಮಾತ್ರ ಟ್ಯಾಂಕಿನಿಂದ ಶುರು ಮಾಡಿ ಇಂಜಿನ್ನಿನ ಕಡೆ ಬನ್ನಿ. ನೂರು ರೂಪಾಯಿಯ ಸಂಶಯ ಮುಗಿಯದೆ ಸಾವಿರದ ಸಂಶಯಕ್ಕೆ ಕೈ ಹಾಕಬೇಡಿ.

ಆ ಪಿಕಪ್ ಮರುದಿನವೇ ಭದ್ರಾವತಿ ಹಾದಿ ಹಿಡಿಯಿತು. ಮೆಕ್ಯಾನಿಕ್ ಕೇಳಿದ ಮಜೂರಿ, ಫಿಲ್ಟರು, ಪೈಪು, ಮುಚ್ಚಳ ಎಲ್ಲ ಸೇರಿ ನಾಲ್ಕಂಕಿ ದಾಟಲಿಲ್ಲ. ಬಳೆ ಬಳೆಯ ಜಾಗದಲ್ಲೇ ಉಳಿಯಿತು.

ಐದಂಕಿಯ ಚೀಟಿಯನ್ನು ಚಾಲಕ ಹರಿದು ಹಾಕಲಿಲ್ಲ. ಅದು ಡ್ಯಾಶ್‌ಬೋರ್ಡಿನ ಮೇಲೆ ಕ್ಲಿಪ್ಪಿಗೆ ಸಿಕ್ಕಿಕೊಂಡಿದೆ, ಮಗುಚಿ ಹಾಕಿದ್ದಾನೆ. ಹಿಂಬದಿಯ ಖಾಲಿ ಜಾಗದಲ್ಲಿ ಪೆನ್ಸಿಲಿನಲ್ಲಿ ಒಂದರ ಕೆಳಗೆ ಒಂದು ತಾರೀಕು. ಫಿಲ್ಟರಿನ ನೀರು ಬಿಟ್ಟ ದಿನಗಳು.